ಒಂದು ಯೂನಿಟ್ ಅಂದರೆ ಎಷ್ಟು? ಗೋವಿನಕೋವಿ ಸೀಮೆಯ ಒಂದು ಲೆಕ್ಕ

ಮರಳು ಒಂದು ಯೂನಿಟ್ ಅಂದರೆ 2,832 ಲೀಟರ್. ರಕ್ತ ಒಂದು ಯೂನಿಟ್ ಅಂದರೆ 350 ಮಿಲಿಲೀಟರ್. ಸೀಸೆಯ ಇನ್ಸುಲಿನ್ ಒಂದು ಯೂನಿಟ್ ಅಂದರೆ 0.025 ಮಿಲಿಲೀಟರ್. ಮೂರಕ್ಕೂ ಹೆಸರು ಒಂದೇ. ಆದರೆ ಮರಳಿನ ಯೂನಿಟ್ ಇನ್ಸುಲಿನ್ ಯೂನಿಟ್‌ಗಿಂತ 11 ಕೋಟಿ ಪಟ್ಟಿಗೂ ಹೆಚ್ಚು ದೊಡ್ಡದು.

ಹೊನ್ನಾಳಿ–ನ್ಯಾಮತಿ ಸೀಮೆಯ ಗೋವಿನಕೋವಿಯಂಥ ಊರಿನಲ್ಲಿ ಒಂದು ರೈತ ಕುಟುಂಬ ವರ್ಷವೊಂದರಲ್ಲಿ ಈ ಹೆಸರಿನ ಅಳತೆಗಳನ್ನು ಎಷ್ಟು ಸಲ ಎದುರಿಸುತ್ತದೆ ಎಂದು ಪಟ್ಟಿ ಮಾಡಿ ನೋಡಿ. ಕರೆಂಟ್ ಬಿಲ್ಲಿನಲ್ಲಿ ತಿಂಗಳಿಗೊಮ್ಮೆ. ಮನೆ ಕಟ್ಟುವಾಗ ಮರಳು, ಜಲ್ಲಿ ಇಳಿಸಿಕೊಂಡಾಗಲೆಲ್ಲ. ಆಸ್ಪತ್ರೆಯಲ್ಲಿ ರಕ್ತ ತರಲು ಚೀಟಿ ಕೊಟ್ಟಾಗ. ಸಕ್ಕರೆ ಕಾಯಿಲೆಯವರಿದ್ದರೆ ದಿನಕ್ಕೆ ಎರಡು ಸಲ. ಕುರಿ ಸಾಕಣೆಗೆ ಅರ್ಜಿ ಹಾಕಿದಾಗ, ಜಮೀನಿನ ಮಿತಿಯ ಮಾತು ಬಂದಾಗ, ಮತ ಹಾಕಲು ಹೋದಾಗ. ಎಲ್ಲ ಕಡೆಯೂ ‘ಯೂನಿಟ್’ ಎಂಬ ಒಂದೇ ಶಬ್ದ ಕಿವಿಗೆ ಬೀಳುತ್ತದೆ. ಅದರ ಗಾತ್ರವನ್ನು ಮಾತ್ರ ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಕೇಳದಿದ್ದರೆ ಹಣ ಹೋಗುತ್ತದೆ. ಕೆಲವೆಡೆ ಪ್ರಾಣಕ್ಕೂ ಕುತ್ತು ಬರುತ್ತದೆ. ಆದ್ದರಿಂದ ಒಂದೊಂದು ಯೂನಿಟ್ಟನ್ನೂ ಅಳೆದು ನೋಡಬೇಕು.

ಒಂದೇ ನೋಟದಲ್ಲಿ:

• ವಿದ್ಯುತ್: 1 ಯೂನಿಟ್ = 1,000 ವಾಟ್ ಉಪಕರಣ 1 ಗಂಟೆ ಓಡಿದಷ್ಟು
• ಮರಳು, ಜಲ್ಲಿ: 1 ಯೂನಿಟ್ = 100 ಘನ ಅಡಿ
• ರಕ್ತ: 1 ಯೂನಿಟ್ = 350 ಅಥವಾ 450 ಮಿ.ಲೀ.
• ಇನ್ಸುಲಿನ್: 1 ಮಿ.ಲೀ.ನಲ್ಲಿ 40 ಅಥವಾ 100 ಯೂನಿಟ್
• ಜಮೀನು: 1 ಯೂನಿಟ್ = 1 ಎಕರೆಯಿಂದ 5.4 ಎಕರೆವರೆಗೆ
• ಕುರಿ: 1 ಯೂನಿಟ್ = 21, 105 ಅಥವಾ 525 ಪ್ರಾಣಿಗಳು, ಯೋಜನೆಗೆ ತಕ್ಕಂತೆ
• ಎನ್‌ಎಸ್‌ಎಸ್: 1 ಯೂನಿಟ್ = 100 ವಿದ್ಯಾರ್ಥಿಗಳು

ಮೀಟರಿನ ಯೂನಿಟ್

ಕರೆಂಟಿನ ಯೂನಿಟ್‌ನ ಗಾತ್ರ ಎಲ್ಲೂ ಬದಲಾಗುವುದಿಲ್ಲ. ದಾವಣಗೆರೆಯಾಗಲಿ ದೆಹಲಿಯಾಗಲಿ, ಅದು ಒಂದು ಕಿಲೋವಾಟ್‌ಗಂಟೆ. ಶಕ್ತಿಯ ಲೆಕ್ಕದಲ್ಲಿ 36 ಲಕ್ಷ ಜೌಲ್. 9 ವಾಟ್‌ನ ಎಲ್‌ಇಡಿ ಬಲ್ಬು ಒಂದು ಯೂನಿಟ್‌ನಲ್ಲಿ 111 ಗಂಟೆ ಉರಿಯುತ್ತದೆ. 75 ವಾಟ್‌ನ ಹಳೆಯ ಫ್ಯಾನು 13 ಗಂಟೆ ತಿರುಗುತ್ತದೆ, 28 ವಾಟ್‌ನ ಹೊಸ ಬಿಎಲ್‌ಡಿಸಿ ಫ್ಯಾನು 35 ಗಂಟೆ. 1,000 ವಾಟ್‌ನ ಇಸ್ತ್ರಿ ಪೆಟ್ಟಿಗೆ ಒಂದೇ ಗಂಟೆಯಲ್ಲಿ, 2,000 ವಾಟ್‌ನ ಗೀಸರ್ ಅರ್ಧ ಗಂಟೆಯಲ್ಲಿ ಅದನ್ನು ಮುಗಿಸುತ್ತವೆ. ಮೀಟರಿನ ಮೇಲೆ 3,200 ಇಂಪಲ್ಸ್ ಎಂದು ಬರೆದಿದ್ದರೆ ಅದರ ಕೆಂಪು ದೀಪ 3,200 ಸಲ ಮಿನುಗಿದಾಗ ಒಂದು ಯೂನಿಟ್ ಖರ್ಚಾಗಿರುತ್ತದೆ.

ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದ ಮೇಲೆ ‘200 ಯೂನಿಟ್ ಫ್ರೀ’ ಎಂಬ ಮಾತು ಊರೆಲ್ಲ ಹರಡಿತು. ಲೆಕ್ಕ ಮಾತ್ರ ಅಷ್ಟು ಸರಳವಾಗಿಲ್ಲ. 2022–23ರ 12 ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ ಬಂದದ್ದೇ ಆ ಮನೆಯ ಉಚಿತ ಮಿತಿ. ಸರಾಸರಿ 60 ಯೂನಿಟ್ ಇದ್ದ ಮನೆಗೆ 66 ಯೂನಿಟ್ ಉಚಿತ, 200 ಅಲ್ಲ. ಸರಾಸರಿ 48ಕ್ಕಿಂತ ಕಡಿಮೆ ಇರುವ ಮನೆಗಳಿಗೆ 2024ರ ಆರಂಭದ ತೀರ್ಮಾನದಂತೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಸಿಗುತ್ತದೆ. ಸರಾಸರಿ 30 ಇದ್ದವರ ಮಿತಿ 33ರ ಬದಲು 40 ಆಯಿತು. ಬಡ ಮನೆಗೆ ಈ 7 ಯೂನಿಟ್ ದೊಡ್ಡದು. 9 ವಾಟ್‌ನ ಬಲ್ಬು 777 ಗಂಟೆ ಉರಿಯುವಷ್ಟು ಕರೆಂಟು ಅದು.

66ರ ಮಿತಿ ಇರುವ ಮನೆ 80 ಯೂನಿಟ್ ಬಳಸಿದರೆ ಹೆಚ್ಚಿನ 14 ಯೂನಿಟ್‌ಗೆ ಹಣ ಕೊಡಬೇಕು. 2025–26ರಲ್ಲಿ ಗೃಹ ಬಳಕೆಯ ದರ ಯೂನಿಟ್‌ಗೆ 5.80 ರೂ. ಇತ್ತು. ಆ ದರದಲ್ಲಿ ಅದು 81.20 ರೂ. ತೆರಿಗೆ ಬೇರೆ. ದುಬಾರಿಯಾಗುವುದು 200ರ ಗೆರೆ ದಾಟಿದಾಗ. 201ನೆಯ ಯೂನಿಟ್ ಬಳಸಿದ ತಿಂಗಳು ಪೂರ್ತಿ ಬಿಲ್ಲು ಮನೆಯವರ ಮೇಲೆ ಬೀಳುತ್ತದೆ. ಅದೇ ದರದಲ್ಲಿ ವಿದ್ಯುತ್ ಶುಲ್ಕವೊಂದೇ 1,165.80 ರೂ. ಹಾಗಾಗಿ ಮದುವೆ, ಹಬ್ಬ ಇರುವ ತಿಂಗಳ ಕೊನೆಯ ವಾರ ಮೀಟರನ್ನು ಒಮ್ಮೆ ನೋಡಿಕೊಳ್ಳುವುದು ಸಾವಿರ ರೂಪಾಯಿ ಉಳಿಸುವ ಕೆಲಸ.

ಬೋರಿನ ಯೂನಿಟ್

ಮನೆಯ ಲೆಕ್ಕ ಚಿಕ್ಕದು. ದೊಡ್ಡ ಲೆಕ್ಕ ತೋಟದಲ್ಲಿದೆ. ಒಂದು ಎಚ್‌ಪಿ ಅಂದರೆ 746 ವಾಟ್. 5 ಎಚ್‌ಪಿ ಮೋಟಾರು ಹೊರಗೆ ಕೊಡುವ ಶಕ್ತಿ 3.73 ಕಿಲೋವಾಟ್. ಮೋಟಾರಿನ ದಕ್ಷತೆ ಶೇ 80 ಎಂದಿಟ್ಟುಕೊಂಡರೆ ಲೈನಿನಿಂದ ಎಳೆಯುವುದು 4.66 ಕಿಲೋವಾಟ್. ಮೂರು ಫೇಸ್ ಕರೆಂಟು ದಿನಕ್ಕೆ 7 ಗಂಟೆ ಕೊಟ್ಟು, ಅಷ್ಟು ಹೊತ್ತೂ ಮೋಟಾರು ಓಡಿದರೆ ದಿನಕ್ಕೆ ಸುಮಾರು 33 ಯೂನಿಟ್. ಒಂದು ಮನೆಗೆ ತಿಂಗಳಿಗೆ ಉಚಿತವಾಗಿ ಸಿಗಬಹುದಾದ ಗರಿಷ್ಠ 200 ಯೂನಿಟ್ಟನ್ನು ಒಂದು ಪಂಪ್‌ಸೆಟ್ ಆರೇ ದಿನದಲ್ಲಿ ಮುಗಿಸುತ್ತದೆ.

10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳ ಬಿಲ್ಲನ್ನು ರಾಜ್ಯ ಸರ್ಕಾರ ಕಟ್ಟುವುದರಿಂದ, ಅವುಗಳಲ್ಲಿ ಹೆಚ್ಚಿನವಕ್ಕೆ ಮೀಟರೂ ಇಲ್ಲದಿರುವುದರಿಂದ ಈ ಯೂನಿಟ್ ರೈತರ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ನೀರಿನ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇರೆಯಿಲ್ಲ. ಒಂದು ಯೂನಿಟ್ ಕರೆಂಟಿಗೆ 100 ಮೀಟರ್ ಆಳದಿಂದ 3,670 ಲೀಟರ್ ನೀರು ಎತ್ತುವ ಶಕ್ತಿಯಿದೆ. ಮೋಟಾರು, ಪಂಪು, ಪೈಪು ಎಲ್ಲ ಸೇರಿ ಅರ್ಧ ಸೋರಿಹೋಯಿತು ಎಂದುಕೊಂಡರೆ ಕೈಗೆ ಸಿಗುವುದು 1,800 ಲೀಟರ್. ನೀರಿನ ಮಟ್ಟ 200 ಮೀಟರ್‌ಗೆ ಇಳಿದರೆ ಅದೇ ಯೂನಿಟ್‌ಗೆ 900 ಲೀಟರ್.

ಇದನ್ನು ಅಡಿಕೆಗೆ ಹೊಂದಿಸಿ ನೋಡೋಣ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಡ್ರಿಪ್‌ನಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. 18 ಲೀಟರ್‌ನಂತೆ ಎಕರೆಗೆ 9,900 ಲೀಟರ್. 100 ಮೀಟರ್ ಆಳದಿಂದ ಎತ್ತಲು 5.5 ಯೂನಿಟ್ ಬೇಕು, 200 ಮೀಟರ್ ಆಳದಿಂದಾದರೆ 11 ಯೂನಿಟ್. ಡ್ರಿಪ್ ಇಲ್ಲದೆ ಐದು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಹಾಯಿಸಿದರೆ ದಿನದ ಸರಾಸರಿ 19,250 ಲೀಟರ್. 100 ಮೀಟರ್ ಆಳದಿಂದಲೇ 10.7 ಯೂನಿಟ್, 200 ಮೀಟರ್‌ನಿಂದ 21 ಯೂನಿಟ್ ದಾಟುತ್ತದೆ.

ಅಂದರೆ ಡ್ರಿಪ್ ಹಾಕಿದ ತೋಟ ಅರ್ಧ ಕರೆಂಟಿನಲ್ಲಿ, ಅರ್ಧ ನೀರಿನಲ್ಲಿ ಬದುಕುತ್ತದೆ. ಕರೆಂಟು ಉಚಿತವಾದರೂ ದಿನಕ್ಕೆ ಸಿಗುವುದು 7 ಗಂಟೆ, ಅಂದರೆ 33 ಯೂನಿಟ್. 200 ಮೀಟರ್ ಆಳದ ಬೋರಿನಿಂದ ಹಾಯಿಸುವ ನೀರಿನಲ್ಲಿ ಆ 33 ಯೂನಿಟ್ ಒಂದೂವರೆ ಎಕರೆಗೆ ಸಾಲುತ್ತದೆ, ಡ್ರಿಪ್‌ನಲ್ಲಿ ಮೂರು ಎಕರೆಗೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಗದ್ದೆ ತೆಗೆದು ಅಡಿಕೆ ಇಡುವ ಮೊದಲು ಹಾಕಬೇಕಾದ ಲೆಕ್ಕ ಇದು. ಬೋರಿನಲ್ಲಿ ನೀರೆಷ್ಟಿದೆ ಎಂಬುದರಷ್ಟೇ, ಆ ನೀರು ಎಷ್ಟು ಆಳದಲ್ಲಿದೆ ಎಂಬುದೂ ತೋಟದ ಅಳತೆಯನ್ನು ನಿರ್ಧರಿಸುತ್ತದೆ.

ಮರಳಿನ ಯೂನಿಟ್

ಕೂಡ್ಲಿಯಲ್ಲಿ ತುಂಗೆ, ಭದ್ರೆ ಒಂದಾಗಿ ಹೊನ್ನಾಳಿಯತ್ತ ಹರಿಯುವ ನದಿ ಈ ಸೀಮೆಗೆ ಮರಳು ಕೊಟ್ಟಿದೆ. ಮರಳಿನ ಯೂನಿಟ್ 100 ಘನ ಅಡಿ. ಉತ್ತರ ಕರ್ನಾಟಕದ ಕಡೆ ಇದನ್ನೇ ‘ಬ್ರಾಸ್’ ಎನ್ನುತ್ತಾರೆ. ಮೆಟ್ರಿಕ್ ಲೆಕ್ಕದಲ್ಲಿ 2.83 ಘನ ಮೀಟರ್. ಒಣ ಮರಳಾದರೆ ಸುಮಾರು 4.5 ಟನ್ ತೂಗುತ್ತದೆ.

ಟ್ರ್ಯಾಕ್ಟರ್ ಟ್ರೇಲರ್ 10 ಅಡಿ ಉದ್ದ, 5 ಅಡಿ ಅಗಲವಿದ್ದು, ಮರಳು 2 ಅಡಿ ಎತ್ತರಕ್ಕೆ ಸಮನಾಗಿ ತುಂಬಿದ್ದರೆ ಸರಿಯಾಗಿ 100 ಘನ ಅಡಿ. ಎತ್ತರ ಮೂರು ಇಂಚು ಕಡಿಮೆಯಾದರೆ 87.5 ಘನ ಅಡಿ. ಮೂರು ಇಂಚು ಕಣ್ಣಿಗೆ ಕಾಣುವುದಿಲ್ಲ, ಹಣದಲ್ಲಿ ಎಂಟನೇ ಒಂದು ಭಾಗ ಹೋಗಿರುತ್ತದೆ.

ಎರಡನೆಯ ನಷ್ಟ ಇನ್ನೂ ಸೂಕ್ಷ್ಮ. ಮರಳು ತೇವವಾದರೆ ಉಬ್ಬುತ್ತದೆ. ಕಣಗಳ ಸುತ್ತ ನೀರಿನ ತೆಳು ಪದರ ಕೂತು ಅವುಗಳನ್ನು ದೂರ ದೂರ ನಿಲ್ಲಿಸುವುದರಿಂದ ಹೀಗಾಗುತ್ತದೆ. ಶೇ 5ರಷ್ಟು ತೇವವಿದ್ದಾಗ ಗಾತ್ರ ಶೇ 20ರಿಂದ 30ರವರೆಗೆ ಹಿಗ್ಗಬಹುದು. ಸಣ್ಣ ಮರಳಾದರೆ ಇನ್ನೂ ಹೆಚ್ಚು. ಶೇ 25 ಉಬ್ಬಿದ 100 ಘನ ಅಡಿಯಲ್ಲಿ ನಿಜವಾದ ಮರಳು 80 ಘನ ಅಡಿ ಮಾತ್ರ.

ಲೆಕ್ಕಕ್ಕಾಗಿ ಒಂದು ಯೂನಿಟ್ ಮರಳಿಗೆ 6,000 ರೂ. ಎಂದು ಹಿಡಿಯೋಣ. ಪೂರ್ತಿ ತುಂಬಿದ ಒಣ ಮರಳಾದರೆ ಘನ ಅಡಿಗೆ 60 ರೂ. ಬಿತ್ತು. ಮೂರು ಇಂಚು ಕಡಿಮೆ ತುಂಬಿದ್ದರೆ 68.57 ರೂ. ಅದರ ಮೇಲೆ ಶೇ 25 ಉಬ್ಬೂ ಇದ್ದರೆ ಕೈಗೆ ಬಂದದ್ದು 70 ಘನ ಅಡಿ, ದರ 85.71 ರೂ. ಮರಳಿನವರು ಹೇಳಿದ ದರ ಬದಲಾಗಲಿಲ್ಲ, ಕೊಟ್ಟವರು ಮಾತ್ರ ಶೇ 43 ಹೆಚ್ಚು ಕೊಟ್ಟರು.

ನಷ್ಟ ಮರಳಿಗೇ ನಿಲ್ಲುವುದಿಲ್ಲ. 50 ಕೆ.ಜಿ. ಸಿಮೆಂಟ್ ಚೀಲದ ಗಾತ್ರ ಸುಮಾರು 1.25 ಘನ ಅಡಿ. ಒಂದಕ್ಕೆ ಆರರ ಗಾರೆಗೆ ಚೀಲವೊಂದಕ್ಕೆ 7.5 ಘನ ಅಡಿ ಮರಳು ಬೇಕು. 100 ಘನ ಅಡಿ ಮರಳಿಗೆ 13.3 ಚೀಲ. ಮರಳು ಶೇ 25 ಉಬ್ಬಿದ್ದರೆ ನಿಜಕ್ಕೂ ಬೇಕಾದದ್ದು 10.7 ಚೀಲ. ಬಾಂಡ್ಲಿ ಲೆಕ್ಕದಲ್ಲಿ ಕಲಸಿದ ಮೇಸ್ತ್ರಿ 2.6 ಚೀಲ ಸಿಮೆಂಟನ್ನು ಪ್ರತಿ ಯೂನಿಟ್‌ಗೂ ಹೆಚ್ಚಾಗಿ ಸುರಿದಿರುತ್ತಾರೆ. ಚೀಲಕ್ಕೆ 400 ರೂ. ಎಂದು ಹಿಡಿದರೂ 1,040 ರೂ. ಹತ್ತು ಯೂನಿಟ್ ಮರಳು ಬಳಸುವ ಮನೆಯಲ್ಲಿ ಹತ್ತು ಸಾವಿರ ದಾಟಿತು.

ಪರೀಕ್ಷೆಗೆ ಬೇಕಾದದ್ದು ಒಂದು ನೇರ ಗೋಡೆಯ ಡಬ್ಬಿ, ಒಂದು ಸ್ಕೇಲು. ತೇವದ ಮರಳನ್ನು ಒತ್ತದೆ 20 ಸೆಂಟಿಮೀಟರ್ ಎತ್ತರಕ್ಕೆ ತುಂಬಿ. ಅದನ್ನು ಹೊರಗೆ ಸುರಿದು, ಡಬ್ಬಿಗೆ ಅರ್ಧ ನೀರು ಹಾಕಿ, ಅದೇ ಮರಳನ್ನು ಮತ್ತೆ ನಿಧಾನವಾಗಿ ಹಾಕಿ ಕಲಕಿ ಬಿಡಿ. ಪೂರ್ತಿ ಮುಳುಗಿದ ಮರಳು ಉಬ್ಬು ಕಳೆದುಕೊಂಡು ಒಣ ಮರಳಿನ ಗಾತ್ರಕ್ಕೇ ಇಳಿಯುತ್ತದೆ. ಈಗ 16 ಸೆಂಟಿಮೀಟರ್ ಇದ್ದರೆ ಉಬ್ಬು ಶೇ 25. ಹತ್ತು ನಿಮಿಷದ ಕೆಲಸ.

ರಕ್ತದ ಯೂನಿಟ್

ದಾನಿಯ ತೂಕ 45 ಕೆ.ಜಿ. ಇದ್ದರೆ ತೆಗೆಯುವುದು 350 ಮಿ.ಲೀ., 55 ಕೆ.ಜಿ.ಗಿಂತ ಹೆಚ್ಚಿದ್ದರೆ 450 ಮಿ.ಲೀ. ತೆಗೆಯಬಹುದು. ಚೀಟಿಯಲ್ಲಿ ಎರಡೂ ಒಂದೊಂದು ಯೂನಿಟ್ಟೇ. ದಾನಿಗೆ 18ರಿಂದ 65 ವರ್ಷ ವಯಸ್ಸು, ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು.

ಒಂದು ಯೂನಿಟ್ ರಕ್ತವನ್ನು ಮೂರು ಭಾಗ ಮಾಡಬಹುದು. ಕೆಂಪು ರಕ್ತಕಣಗಳು 2ರಿಂದ 6 ಡಿಗ್ರಿ ತಂಪಿನಲ್ಲಿ 35ರಿಂದ 42 ದಿನ ಇರುತ್ತವೆ. ಪ್ಲೇಟ್‌ಲೆಟ್‌ಗಳಿಗೆ ಐದೇ ದಿನ ಆಯುಷ್ಯ, ಅದೂ 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗಾಡಿಸುತ್ತಿದ್ದರೆ. ಹೆಪ್ಪುಗಟ್ಟಿಸಿದ ಪ್ಲಾಸ್ಮಾ ಒಂದು ವರ್ಷ ಬಾಳುತ್ತದೆ. ಒಬ್ಬ ದಾನಿ ಮೂವರಿಗೆ ನೆರವಾಗುವುದು ಹೀಗೆ.

ಪಡೆಯುವವರ ಕಡೆಯಿಂದ ನೋಡಿದರೆ, ಒಂದು ಯೂನಿಟ್ ಕೆಂಪು ಕಣ ದೊಡ್ಡವರ ಹಿಮೋಗ್ಲೋಬಿನ್ನನ್ನು ಸುಮಾರು 1 ಗ್ರಾಂ ಏರಿಸುತ್ತದೆ. 6 ಇದ್ದದ್ದು 8ಕ್ಕೆ ಬರಲು ಎರಡು ಯೂನಿಟ್ ಬೇಕು. ಡೆಂಗಿ ಬಂದಾಗ ಕೇಳುವ ಪ್ಲೇಟ್‌ಲೆಟ್ ಯೂನಿಟ್ ಬೇರೆಯೇ ಗಾತ್ರದ್ದು. ಸಾಮಾನ್ಯ ದಾನದ ರಕ್ತದಿಂದ ಬೇರ್ಪಡಿಸಿದ ಒಂದು ಯೂನಿಟ್ 50ರಿಂದ 70 ಮಿ.ಲೀ. ಇದ್ದು, ಎಣಿಕೆಯನ್ನು 5,000ದಿಂದ 10,000ದಷ್ಟು ಏರಿಸುತ್ತದೆ. ಯಂತ್ರದ ಮೂಲಕ ಒಬ್ಬನೇ ದಾನಿಯಿಂದ ತೆಗೆದ ಯೂನಿಟ್ 30,000ದಿಂದ 50,000ದವರೆಗೆ ಏರಿಸುತ್ತದೆ. ಒಂದು ಇನ್ನೊಂದರ ಐದಾರು ಪಟ್ಟು. ‘ಒಂದು ಯೂನಿಟ್ ಪ್ಲೇಟ್‌ಲೆಟ್ ಬೇಕು’ ಎಂದು ಫೋನ್ ಬಂದಾಗ ಯಾವುದು ಎಂದು ಕೇಳಿಕೊಳ್ಳದೆ ಹೊರಟರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಎರಡು ಸಲ ಓಡಬೇಕಾಗುತ್ತದೆ.

ರಕ್ತಕ್ಕೆ ಬೆಲೆಯಿಲ್ಲ, ಮಾರುವಂತೆಯೂ ಇಲ್ಲ. ರಕ್ತನಿಧಿಗಳು ಪಡೆಯಬಹುದಾದದ್ದು ಸಂಸ್ಕರಣಾ ಶುಲ್ಕ ಮಾತ್ರ. ಕೆಂಪು ಕಣದ ಯೂನಿಟ್‌ಗೆ ಸರ್ಕಾರಿ ಕೇಂದ್ರದಲ್ಲಿ 1,100 ರೂ., ಖಾಸಗಿಯಲ್ಲಿ 1,550 ರೂ. ಎಂದು 2022ರಲ್ಲಿ ಮಿತಿ ಹಾಕಲಾಯಿತು. ನ್ಯಾಟ್‌ನಂಥ ಹೆಚ್ಚುವರಿ ಪರೀಕ್ಷೆಗೆ ಬೇರೆ ಹಣ ಹಿಡಿಯಬಹುದು. ಖಾಸಗಿಯಲ್ಲೂ ಮೂರು ಯೂನಿಟ್‌ಗೆ ಮೂಲ ಶುಲ್ಕ 4,650 ರೂ. ದಾಟುವಂತಿಲ್ಲ ಎಂಬುದು ನೆನಪಿರಲಿ.

ಇನ್ಸುಲಿನ್ ಯೂನಿಟ್

ಈ ಬರಹದ ಅತಿ ಚಿಕ್ಕ ಯೂನಿಟ್‌ಗಳಲ್ಲಿ ಇದೂ ಒಂದು, ತಪ್ಪಿದರೆ ಅತ್ಯಂತ ಅಪಾಯಕಾರಿಯೂ ಇದೇ. 1920ರ ದಶಕದಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದಾಗ ಅದನ್ನು ಶುದ್ಧ ರೂಪದಲ್ಲಿ ತೂಗುವ ದಾರಿ ಇರಲಿಲ್ಲ. ಉಪವಾಸವಿದ್ದ ಎರಡು ಕೆ.ಜಿ. ತೂಕದ ಮೊಲದ ರಕ್ತದ ಸಕ್ಕರೆಯನ್ನು ಸೆಳವು ಬರುವಷ್ಟು ಕೆಳಗಿಳಿಸುವ ಪ್ರಮಾಣವನ್ನೇ ಮೊದಲು ಯೂನಿಟ್ ಎಂದು ಕರೆದರು. ಇಂದಿನ ಅಂತರರಾಷ್ಟ್ರೀಯ ಯೂನಿಟ್ 0.0347 ಮಿಲಿಗ್ರಾಂ ಮಾನವ ಇನ್ಸುಲಿನ್.

ನಮ್ಮಲ್ಲಿ ಸಿಗುವ 10 ಮಿ.ಲೀ. ಸೀಸೆಗಳಲ್ಲಿ ಹೆಚ್ಚಿನವು ಮಿ.ಲೀ.ಗೆ 40 ಯೂನಿಟ್‌ನವು, ಒಟ್ಟು 400 ಯೂನಿಟ್. ಪೆನ್ನಿನ 3 ಮಿ.ಲೀ. ಕಾರ್ಟ್ರಿಜ್‌ನಲ್ಲಿ ಮಿ.ಲೀ.ಗೆ 100ರಂತೆ 300 ಯೂನಿಟ್. ಸಿರಿಂಜುಗಳೂ ಎರಡು ಬಗೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ.

ವೈದ್ಯರು 20 ಯೂನಿಟ್ ಹೇಳಿದ್ದಾರೆ ಎನ್ನಿ. 40ರ ಸೀಸೆಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು 0.2 ಮಿ.ಲೀ., ಮೈಗೆ ಸೇರುವುದು 8 ಯೂನಿಟ್. ಸಕ್ಕರೆ ಇಳಿಯುವುದಿಲ್ಲ. ತಿರುಗಿಸಿ ನೋಡಿ: 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ 0.5 ಮಿ.ಲೀ., ಅಂದರೆ 50 ಯೂನಿಟ್. ಎರಡೂವರೆ ಪಟ್ಟು. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು, ಪ್ರಾಣ ಹೋಗಲು ಇಷ್ಟು ಸಾಕು. ಎರಡು ಸಂದರ್ಭದಲ್ಲೂ ಚುಚ್ಚಿದವರು ‘20 ಯೂನಿಟ್ ಕೊಟ್ಟೆ’ ಎಂದೇ ನಂಬಿರುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಸೀಸೆ ಮತ್ತು ಸಿರಿಂಜಿನ ಮೇಲಿನ ಸಂಖ್ಯೆ ಒಂದೇ ಇದೆಯೇ ಎಂದು ನೋಡಿಕೊಂಡು ತರುವುದೊಂದೇ ಇದಕ್ಕೆ ರಕ್ಷೆ.

ಉಳಿತಾಯದ ಲೆಕ್ಕವೂ ಒಂದಿದೆ. ತೆರೆದ ಸೀಸೆಯನ್ನು ಸಾಮಾನ್ಯವಾಗಿ 28 ದಿನದೊಳಗೆ ಮುಗಿಸಬೇಕು. ಖಚಿತ ಅವಧಿ ಲೇಬಲ್‌ನಲ್ಲಿರುತ್ತದೆ. ದಿನಕ್ಕೆ 20 ಯೂನಿಟ್ ಬೇಕಾದವರಿಗೆ 400ರ ಸೀಸೆ 20 ದಿನ ಬರುತ್ತದೆ. 10 ಯೂನಿಟ್ ಸಾಕಾದವರು 28 ದಿನಕ್ಕೆ 280 ಬಳಸಿ 120 ಯೂನಿಟ್ ಎಸೆಯಬೇಕಾಗುತ್ತದೆ. ಹಣ ಉಳಿಸಲು ಹಳೆಯದನ್ನೇ ಮುಂದುವರಿಸಬಾರದು. ಯಾವ ಪೊಟ್ಟಣ ಸರಿಹೋಗುತ್ತದೆ ಎಂದು ವೈದ್ಯರನ್ನು ಕೇಳುವುದು ಮೇಲು.

ವಿಟಮಿನ್‌ಗಳ ಯೂನಿಟ್ ಕೇಳಲು ದೊಡ್ಡದು, ತೂಕದಲ್ಲಿ ಏನೂ ಇಲ್ಲ. ವಾರಕ್ಕೊಮ್ಮೆ ನುಂಗುವ 60,000 ಯೂನಿಟ್ ವಿಟಮಿನ್ ಡಿ ಕೇವಲ 1.5 ಮಿಲಿಗ್ರಾಂ. ಮಗುವಿಗೆ 9 ತಿಂಗಳಿಗೆ 1 ಲಕ್ಷ, ಆಮೇಲೆ ಐದು ವರ್ಷದವರೆಗೆ 2 ಲಕ್ಷದಂತೆ 8 ಸಲ, ಒಟ್ಟು 17 ಲಕ್ಷ ಯೂನಿಟ್ ವಿಟಮಿನ್ ಎ ಹಾಕುತ್ತಾರೆ. ಒಂಬತ್ತೂ ಡೋಸಿನ ಮದ್ದು ಸೇರಿಸಿದರೆ ಅರ್ಧ ಗ್ರಾಂ. ಆ ಅರ್ಧ ಗ್ರಾಂ ಇರುಳುಗಣ್ಣನ್ನು ತಡೆಯುತ್ತದೆ. ಒಂದು ಡೋಸನ್ನೂ ತಪ್ಪಿಸಬಾರದು.

ಜಮೀನಿನ ಯೂನಿಟ್

ಕರ್ನಾಟಕ ಭೂಸುಧಾರಣಾ ಕಾಯ್ದೆ ಜಮೀನಿನ ಮಿತಿಯನ್ನು ಎಕರೆಯಲ್ಲಿ ಹೇಳಲಿಲ್ಲ, ಯೂನಿಟ್‌ನಲ್ಲಿ ಹೇಳಿತು. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಐದು ಜನರ ಕುಟುಂಬಕ್ಕೆ ಮಿತಿ 10 ಯೂನಿಟ್, ಹೆಚ್ಚಿನ ಪ್ರತಿ ಸದಸ್ಯರಿಗೆ 2 ಯೂನಿಟ್, ಏನಾದರೂ 20 ದಾಟುವಂತಿರಲಿಲ್ಲ.

ಇದಕ್ಕೆ ಒಳ್ಳೆಯ ಕಾರಣವಿತ್ತು. ಸರ್ಕಾರಿ ಕಾಲುವೆಯ ನೀರಿನಲ್ಲಿ ವರ್ಷಕ್ಕೆ ಎರಡು ಭತ್ತ ಅಥವಾ ಒಂದು ಕಬ್ಬು ಬೆಳೆಯುವ ಮೇಲ್ದರ್ಜೆಯ ಜಮೀನಿನಲ್ಲಿ ಒಂದು ಯೂನಿಟ್ ಅಂದರೆ ಒಂದು ಎಕರೆ. ಮಳೆಯನ್ನೇ ನಂಬಿದ ಡಿ ದರ್ಜೆಯ ಖುಷ್ಕಿಯಲ್ಲಿ 5.4 ಎಕರೆ. ಹಾಗಾಗಿ 10 ಯೂನಿಟ್ ಅಂದರೆ ಭದ್ರಾ ಕಾಲುವೆಯ ಕೆಳಗಿನ ಅತ್ಯುತ್ತಮ ಗದ್ದೆ 10 ಎಕರೆ, ಜಗಳೂರಿನಂಥ ಬರದ ಸೀಮೆಯ ಹೊಲ 54 ಎಕರೆ. ಎಕರೆಯನ್ನು ಬಿಟ್ಟು ಇಳುವರಿಯ ಶಕ್ತಿಯನ್ನು ಅಳೆದ ಲೆಕ್ಕ ಅದು. ಒಂದೇ ಜಿಲ್ಲೆಯಲ್ಲಿ ಕಾಲುವೆಯ ಗದ್ದೆಯೂ ಬರದ ಹೊಲವೂ ಇರುವ ನಮ್ಮಂಥ ಕಡೆ ಅದರ ನ್ಯಾಯ ಬೇಗ ಮನಸ್ಸಿಗೆ ಬರುತ್ತದೆ.

2020ರ ತಿದ್ದುಪಡಿ ಸುಗ್ರೀವಾಜ್ಞೆ ಈ ಸಂಖ್ಯೆಗಳನ್ನು ಇಮ್ಮಡಿಗೊಳಿಸಿತು. ಐದು ಜನರ ಕುಟುಂಬಕ್ಕೆ 20 ಯೂನಿಟ್, ಗರಿಷ್ಠ 40. ‘ಹತ್ತು’ ಇದ್ದಲ್ಲಿ ‘ಇಪ್ಪತ್ತು’ ಬಂತು, ಅಷ್ಟೇ. ಖುಷ್ಕಿ ಹೊಲಕ್ಕೆ ಇಳಿಸಿದರೆ 54 ಎಕರೆ 108 ಆಯಿತು. ಗರಿಷ್ಠ ಮಿತಿ 108ರಿಂದ 216 ಎಕರೆಗೆ ಏರಿತು. ಎರಡು ಎಕರೆ ಹಿಡುವಳಿಯ ರೈತರ ನಾಡಿನಲ್ಲಿ ಇಷ್ಟು ದೊಡ್ಡ ಬದಲಾವಣೆ ಯೂನಿಟ್ಟಿನ ಮರೆಯಲ್ಲಿ ಚಿಕ್ಕದಾಗಿ ಕಂಡಿತು. ಅದೇ ಮಾತನ್ನು ಎಕರೆಯಲ್ಲಿ ಹೇಳಿದ್ದರೆ ಗ್ರಾಮಸಭೆಗಳಲ್ಲಿ ಇನ್ನಷ್ಟು ಚರ್ಚೆ ಆಗುತ್ತಿತ್ತು ಎಂಬುದು ನನ್ನ ಖಚಿತ ನಂಬಿಕೆ.

ಯೋಜನೆಯ ಯೂನಿಟ್

ಅರ್ಜಿ ನಮೂನೆಗಳಲ್ಲಿ ‘ಯೂನಿಟ್ ಕಾಸ್ಟ್’ ಎಂಬ ಕಾಲಂ ಇರುತ್ತದೆ. ರಾಜ್ಯದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆಯಲ್ಲಿ ಯೂನಿಟ್ ಅಂದರೆ 20 ಕುರಿ, 1 ಟಗರು. ವೆಚ್ಚ 1.75 ಲಕ್ಷ ರೂ. ಇದರಲ್ಲಿ ಅರ್ಧ, 87,500 ರೂ. ಸಾಲ; ಕಾಲು ಭಾಗ, 43,750 ರೂ. ಸಹಾಯಧನ, ಉಳಿದ ಕಾಲು ಭಾಗ ಕುರಿಗಾಹಿಯದು. ತಲೆಗೆ ಹಂಚಿದರೆ ಪ್ರಾಣಿಯೊಂದಕ್ಕೆ 8,333 ರೂ. ಸಂತೆಯ ದರಕ್ಕೆ ಇದು ಹೊಂದುತ್ತದೆಯೇ ಎಂದು ನೋಡಬೇಕಾದದ್ದು ಅರ್ಜಿ ಹಾಕುವ ಮೊದಲು.

ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಅತಿ ಚಿಕ್ಕ ಯೂನಿಟ್ಟೇ 100 ಹೆಣ್ಣು, 5 ಗಂಡು. ದೊಡ್ಡದು 500 ಮತ್ತು 25. ವೆಚ್ಚದ ಶೇ 50 ಸಹಾಯಧನ. ಚಿಕ್ಕದಕ್ಕೆ 10 ಲಕ್ಷ ರೂ.ವರೆಗೆ, ದೊಡ್ಡದಕ್ಕೆ 50 ಲಕ್ಷದವರೆಗೆ. ‘ಕುರಿ ಯೂನಿಟ್‌ಗೆ ಸಬ್ಸಿಡಿ ಬಂದಿದೆ’ ಎಂದು ಕೇಳಿ ಓಡುವ ಮೊದಲು 21ರದ್ದೋ 105ರದ್ದೋ ತಿಳಿದರೆ ಅಲೆದಾಟ ತಪ್ಪುತ್ತದೆ.

ಮನೆಯ ಯೂನಿಟ್ ಹೀಗಿದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಸೀಮೆಗೆ 1.20 ಲಕ್ಷ ರೂ., ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಅಂದರೆ 269 ಚದರ ಅಡಿ. ಅಡಿಗೆ 446 ರೂ. ಆಯಿತು. ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ, 2025–26ರ 370 ರೂ. ದರದಲ್ಲಿ 33,300 ರೂ., ಶೌಚಾಲಯಕ್ಕೆ 12,000 ರೂ. ಸೇರಿಸಿದರೂ ಒಟ್ಟು 1,65,300. ಅಡಿಗೆ 614 ರೂ. ಈ ಹಣದಲ್ಲಿ ಮನೆ ಎಬ್ಬಿಸಿದವರಿಗೆ ಮರಳಿನ ಯೂನಿಟ್‌ನಲ್ಲಿ ಮೂರು ಇಂಚು ಕಡಿಮೆಯಾದರೂ ಸಾಲ ಏಕೆ ಆಗುತ್ತದೆ ಎಂದು ಈಗ ಕಾಣುತ್ತದೆ.

ಮತಗಟ್ಟೆ, ಶಿಬಿರ, ಉಳಿತಾಯ

ಮತಯಂತ್ರದಲ್ಲಿ ಅಧಿಕಾರಿಯ ಮುಂದಿರುವುದು ಕಂಟ್ರೋಲ್ ಯೂನಿಟ್, ನಾವು ಒತ್ತುವುದು ಬ್ಯಾಲೆಟ್ ಯೂನಿಟ್. ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ ನೋಟಾ ಸೇರಿ 16 ಹೆಸರು ಹಿಡಿಯುತ್ತವೆ. ಈಗಿನ ಎಂ3 ಯಂತ್ರಕ್ಕೆ ಅಂಥ 24 ಜೋಡಿಸಿ 384 ಹೆಸರುಗಳವರೆಗೆ ಹೋಗಬಹುದು. 2023ರಲ್ಲಿ ಹೇಳಿದ ಅಂದಾಜು ಬೆಲೆ ಬ್ಯಾಲೆಟ್ ಯೂನಿಟ್‌ಗೆ 7,900, ಕಂಟ್ರೋಲ್ ಯೂನಿಟ್‌ಗೆ 9,800, ವಿವಿಪ್ಯಾಟ್‌ಗೆ 16,000 ರೂ.; ಒಟ್ಟು 33,700. ನೋಟಾ ಸೇರಿ 17 ಹೆಸರಾದರೆ ಇನ್ನೊಂದು ಬ್ಯಾಲೆಟ್ ಯೂನಿಟ್ ಬೇಕು, ಸೆಟ್‌ಗೆ 41,600 ರೂ. ತಯಾರಿಸುವ ಎರಡು ಸರ್ಕಾರಿ ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್.

ಹಳ್ಳಿಗಳಲ್ಲಿ ಶಿಬಿರ ಹೂಡುವ ಎನ್‌ಎಸ್‌ಎಸ್ 1969ರ ಸೆಪ್ಟೆಂಬರ್ 24ರಂದು ಆರಂಭವಾಯಿತು. ಅದರ ಯೂನಿಟ್‌ನಲ್ಲಿ 100 ವಿದ್ಯಾರ್ಥಿಗಳು, ತಲಾ ವರ್ಷಕ್ಕೆ 120 ಗಂಟೆ ಸೇವೆ. ಒಟ್ಟು 12,000 ಗಂಟೆ, ಎಂಟು ಗಂಟೆಯ 1,500 ಆಳುದಿನ. ಒಂದು ಕೆರೆಯ ಹೂಳಿಗೆ, ಒಂದು ಶಾಲೆಯ ಕಾಂಪೌಂಡಿಗೆ ಇದು ಕಡಿಮೆ ಶಕ್ತಿಯಲ್ಲ.

ಉಳಿತಾಯದ ಯೂನಿಟ್‌ಗೆ ಯುಟಿಐ (ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ) ಕಥೆಯೇ ಪಾಠ. 1964ರ ಜುಲೈನಲ್ಲಿ ಬಂದ ಯೂನಿಟ್ 64ರ ಮುಖಬೆಲೆ 10 ರೂ. ಬ್ಯಾಂಕಿನಷ್ಟೇ ಭದ್ರ ಎಂದು ನಂಬಿದವರು ಲಕ್ಷಾಂತರ. 2001ರ ಜುಲೈನಲ್ಲಿ ಮಾರಾಟ, ಮರುಖರೀದಿ ಎರಡೂ ನಿಂತವು. ಆ ಡಿಸೆಂಬರ್ ಕೊನೆಗೆ ಯೂನಿಟ್‌ನ ನಿಜಬೆಲೆ 5.81 ರೂ. ಎಂದು ಹೊರಬಿತ್ತು. 14 ರೂ.ಗೆ ಸಾವಿರ ಯೂನಿಟ್ ಕೊಂಡವರ 14,000 ರೂ. ಕಾಗದದ ಮೇಲೆ 5,810 ಆಯಿತು. ಸಣ್ಣ ಹೂಡಿಕೆದಾರರಿಗೆ 3,000 ಯೂನಿಟ್‌ವರೆಗೆ 10 ರೂ.ನಿಂದ ಆರಂಭಿಸಿ ಮರುಖರೀದಿಯ ಭರವಸೆ ಕೊಟ್ಟಿದ್ದರಿಂದ ಅವರ ಪೆಟ್ಟು ತಗ್ಗಿತು. ಕೈಯಲ್ಲಿದ್ದ ಯೂನಿಟ್‌ಗಳ ಸಂಖ್ಯೆ ಒಂದೂ ಕಡಿಮೆಯಾಗಿರಲಿಲ್ಲ, ಕುಸಿದದ್ದು ಪ್ರತಿ ಯೂನಿಟ್‌ನ ಒಳಗಿನ ಬೆಲೆ. ಮ್ಯೂಚುವಲ್ ಫಂಡ್ ಮಾರುವವರು ‘ಇಷ್ಟು ಯೂನಿಟ್ ಸಿಗುತ್ತದೆ’ ಎಂದಾಗ ಕೇಳಬೇಕಾದದ್ದು ಇಂದಿನ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ನಿಜಬೆಲೆ, ಎಷ್ಟು ಎಂದು.

ಕಾನೂನು ಏನು ಹೇಳುತ್ತದೆ

ಹಿಂದೆ 20 ಕೊಳಗಕ್ಕೆ ಒಂದು ಖಂಡುಗ ಎಂಬುದು ಸಾಮಾನ್ಯವಾಗಿತ್ತು, ಕೊಳಗದ ಗಾತ್ರ ಮಾತ್ರ ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಆ ಗೊಂದಲ ಕಳೆಯಲೆಂದೇ 1956ರಲ್ಲಿ ಮೆಟ್ರಿಕ್ ಪದ್ಧತಿಯ ಕಾಯ್ದೆ ಬಂತು. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನ ಕಾಯ್ದೆ, 2011ರ ಏಪ್ರಿಲ್ 1ರಿಂದ. ಅದರ 11ನೆಯ ಸೆಕ್ಷನ್ ಪ್ರಕಾರ ಸರಕಿನ ದರವನ್ನು ಹೇಳುವುದೂ ಬಿಲ್ಲು ಕೊಡುವುದೂ ಕಿಲೋಗ್ರಾಂ, ಮೀಟರ್, ಲೀಟರ್‌ನಂಥ ಪ್ರಮಾಣಿತ ಮಾನದಲ್ಲೇ ಆಗಬೇಕು. ಮರಳಿನ ‘ಯೂನಿಟ್’ ಆ ಪಟ್ಟಿಯಲ್ಲಿಲ್ಲ. ಘನ ಮೀಟರ್‌ನಲ್ಲೋ ಟನ್‌ನಲ್ಲೋ ಬಿಲ್ಲು ಕೇಳುವುದು ಕೊಳ್ಳುವವರ ಹಕ್ಕು.

ಇಷ್ಟೂ ಲೆಕ್ಕದಿಂದ ಕಲಿಯಬೇಕಾದದ್ದು ಒಂದೇ. ಯೂನಿಟ್ಟಿನ ದರವನ್ನು ಕೇಳುವ ಮೊದಲು ಯೂನಿಟ್ಟಿನ ಗಾತ್ರವನ್ನು ಕೇಳಬೇಕು. ಮರಳಿಗೆ ಎಷ್ಟು ಘನ ಅಡಿ, ರಕ್ತಕ್ಕೆ ಎಷ್ಟು ಮಿ.ಲೀ., ಇನ್ಸುಲಿನ್‌ಗೆ ಮಿ.ಲೀ.ನಲ್ಲಿ ಎಷ್ಟು, ಕುರಿಗೆ ಎಷ್ಟು ತಲೆ, ಜಮೀನಿಗೆ ಎಷ್ಟು ಎಕರೆ. ಗ್ರಾಮ ಪಂಚಾಯಿತಿಗಳು ತಮ್ಮ ಫಲಕದಲ್ಲಿ ಯೋಜನೆಯ ಹೆಸರಿನ ಪಕ್ಕದಲ್ಲೇ ಈ ಅಳತೆಯನ್ನೂ ಬರೆಸಲಿ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋದಾಗ ಸೀಸೆಯ ಸಂಖ್ಯೆಯನ್ನೂ ಸಿರಿಂಜಿನ ಸಂಖ್ಯೆಯನ್ನೂ ಒಟ್ಟಿಗೆ ಓದಿಸಲಿ. ಪ್ರೌಢಶಾಲೆಯ ಗಣಿತದ ಮೇಷ್ಟ್ರು ಟ್ರೇಲರಿನ ಉದ್ದ, ಅಗಲ, ಎತ್ತರವನ್ನು ಮಕ್ಕಳಿಂದಲೇ ಅಳೆಸಲಿ. ಇದಕ್ಕೆ ಅನುದಾನ ಬೇಕಿಲ್ಲ, ಟೇಪು ಮತ್ತು ಪೆನ್ಸಿಲ್ ಸಾಕು. ಒಂದು ಮನೆಯ ಮರಳಿನಲ್ಲೇ ಉಳಿಯುವ ಹಣ ಸಾವಿರಗಳಲ್ಲಿದೆ.